ಹುಟ್ಟಿದಾಗ ತೂಕ ಕಮ್ಮಿ ಇದ್ರೆ ದೊಡ್ಡವರಾದ್ಮೇಲೆ ಹಾರ್ಟ್ ಪ್ರಾಬ್ಲಂ ಬಂದೇ ಬರುತ್ತಾ? ಬಾರ್ಕರ್ ರಿಸರ್ಚ್ ಗೊತ್ತಿರೋರು ಹೇಳಿ

ಪಾಪು_ಅಮ್ಮ:
ಎಲ್ಲರಿಗೂ ನಮಸ್ಕಾರ. ನನ್ನ ಮಗಳು ದಿನ ತುಂಬಿನೇ ಹುಟ್ಟಿದ್ದು, ಆದ್ರೆ ತೂಕ 2.1 ಕೆಜಿ ಅಷ್ಟೇ ಇತ್ತು. ಈಗ ಎದೆಹಾಲು ಚೆನ್ನಾಗಿ ಕುಡೀತಾಳೆ, ಡಾಕ್ಟರ್ ಚೆಕ್ ಮಾಡಿ ಹಾರ್ಟ್ ಸರಿಯಾಗಿದೆ ಅಂದ್ರು. ಆಮೇಲೆ ಡೇವಿಡ್ ಬಾರ್ಕರ್ ಅನ್ನೋ ಬ್ರಿಟಿಷ್ ಡಾಕ್ಟರ್ ಬಗ್ಗೆ ಓದ್ದೆ, ಸಣ್ಣದಾಗಿ ಹುಟ್ಟಿದ ಮಕ್ಕಳಿಗೆ ಮುಂದೆ ಹಾರ್ಟ್ ಅಟ್ಯಾಕ್ ಜಾಸ್ತಿ ಅಂತ ಬರೆದಿದ್ದಾರಂತೆ, ಅದನ್ನ ಓದಿದಾಗಿಂದ ನಿದ್ದೆನೇ ಬರ್ತಿಲ್ಲ. ಬಸುರಿಯಾಗಿದ್ದಾಗ ನಾನು ಸರಿಯಾಗಿ ಊಟ ಮಾಡ್ಲಿಲ್ಲ ಅಂತ ಹೀಗಾಯ್ತಾ? ಅತ್ತೆ ಬೇರೆ ಡಬ್ಬಿ ಹಾಲೂ ಕೊಟ್ಟು ಬೇಗ ದಪ್ಪ ಮಾಡು ಅಂತಾರೆ. ಏನ್ ಮಾಡ್ಲಿ?

ಹಳೇ_ದಾಖಲೆ:
ಮೇಡಂ, ಮೊದಲು ಗಾಬರಿ ಬಿಡಿ. ಬಾರ್ಕರ್ ಹೇಳಿದ್ದು ಹುಟ್ಟುವಾಗಲೇ ಹಾರ್ಟ್‌ನಲ್ಲಿ ತೂತು ಇರೋ ಥರದ ಕಾಯಿಲೆ ಬಗ್ಗೆ ಅಲ್ಲ, ವಯಸ್ಸಾದ್ಮೇಲೆ ರಕ್ತನಾಳ ಕಟ್ಕೊಂಡು ಬರೋ ಹಾರ್ಟ್ ಅಟ್ಯಾಕ್ ಬಗ್ಗೆ. 1986ರಲ್ಲಿ ಅವರು ಮತ್ತೆ ಜೊತೆ ಸಂಶೋಧಕ ಆಸ್ಮಂಡ್ ಸೇರಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ್ರು, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1920ರ ದಶಕದ ಶುರುವಲ್ಲಿ ಎಲ್ಲೆಲ್ಲಿ ಹಸುಗೂಸುಗಳು ಜಾಸ್ತಿ ಸಾಯ್ತಿದ್ವೋ ಅಲ್ಲೇ ಐವತ್ತು ವರ್ಷ ಆದ್ಮೇಲೆ ಹಾರ್ಟ್ ಕಾಯಿಲೆ ಸಾವೂ ಜಾಸ್ತಿ ಅಂತ. ಅಲ್ಲೀತನಕ ಹಾರ್ಟ್ ಅಟ್ಯಾಕ್ ಅಂದ್ರೆ ಚೆನ್ನಾಗಿ ತಿಂದುಂಡೋರ ಕಾಯಿಲೆ ಅಂತಲೇ ಎಷ್ಟೋ ಜನ ಅಂದ್ಕೊಂಡಿದ್ದು.

ಆಮೇಲೆ ಇಂಗ್ಲೆಂಡಿನ ಹಾರ್ಟ್‌ಫರ್ಡ್‌ಶೈರ್ ಅನ್ನೋ ಜಿಲ್ಲೆಯ ದಾಖಲೆ ಸಿಕ್ತು. ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಅನ್ನೋ ನರ್ಸ್ 1911ರಿಂದ ಅಲ್ಲಿನ ಮಕ್ಕಳು ಹುಟ್ಟಿದಾಗಿನ ತೂಕ, ಒಂದು ವರ್ಷದ ತೂಕ ಎಲ್ಲಾ ಬರೆಸಿಟ್ಟಿದ್ರು. ಅದರಲ್ಲಿದ್ದ 5,654 ಗಂಡಸರನ್ನ ಹುಡುಕಿ ನೋಡಿದಾಗ ಹುಟ್ಟಿದಾಗ ಮತ್ತೆ ಒಂದು ವರ್ಷಕ್ಕೆ ತೂಕ ಕಮ್ಮಿ ಇದ್ದೋರಲ್ಲೇ ಹಾರ್ಟ್ ಸಾವು ಹೆಚ್ಚು, ಇದು 1989ರ ಪೇಪರ್. ಆ ನರ್ಸ್‌ಗಳು ತೂಕ ಬರೆದಿಡದೇ ಹೋಗಿದ್ರೆ ಇವತ್ತು ಈ ವಿಷಯ ಮಾತಾಡೋಕೇ ಆಗ್ತಿರ್ಲಿಲ್ಲ, ನನಗೆ ಬಾರ್ಕರ್‌ಗಿಂತ ಅವರ ಮೇಲೇ ಗೌರವ ಜಾಸ್ತಿ.

ಅನುಮಾನ್ಯ:
ಒಂದು ಮಾತು ಸೇರಿಸ್ತೀನಿ. ತೂಕ ಕಮ್ಮಿ ಹುಟ್ಟೋದು ಬಡತನ ಇರೋ ಮನೆಗಳಲ್ಲಿ ಜಾಸ್ತಿ, ಆ ಬಡತನವೇ ಮುಂದೆ ಹಾರ್ಟ್ ಕೆಡಿಸಿರಬಹುದಲ್ವಾ ಅಂತ ಆಗಲೇ ತುಂಬಾ ಜನ ಆಕ್ಷೇಪ ಎತ್ತಿದ್ರು, ಅದು ಸರಿಯಾದ ಪ್ರಶ್ನೆನೇ. ಆದ್ರೆ ಅಮೆರಿಕದ ನರ್ಸ್‌ಗಳ ಮೇಲೆ ಮಾಡಿದ ದೊಡ್ಡ ಅಧ್ಯಯನದಲ್ಲಿ ಬೇರೆ ಕಾರಣಗಳನ್ನ ಲೆಕ್ಕಕ್ಕೆ ತಗೊಂಡ್ರೂ ಸಂಬಂಧ ಉಳೀತು. ನಮ್ಮ ಮೈಸೂರಲ್ಲೂ 1934ರಿಂದ 1954ರೊಳಗೆ ಒಂದು ಆಸ್ಪತ್ರೆಯಲ್ಲಿ ಹುಟ್ಟಿದ 517 ಜನರನ್ನ ಪರೀಕ್ಷೆ ಮಾಡಿ 1996ರಲ್ಲಿ ಲ್ಯಾನ್ಸೆಟ್‌ನಲ್ಲಿ ಬರೆದ್ರು, ಬಾರ್ಕರ್ ಅದರಲ್ಲೂ ಇದ್ರು. 2.5 ಕೆಜಿ ಅಥವಾ ಅದಕ್ಕಿಂತ ಕಮ್ಮಿ ಇದ್ದೋರಲ್ಲಿ 11%, 3.1 ಕೆಜಿಗಿಂತ ಹೆಚ್ಚು ಇದ್ದೋರಲ್ಲಿ 3% ಜನಕ್ಕೆ ಹಾರ್ಟ್ ಕಾಯಿಲೆ. ಮೇಡಂ, ಆ 11ನ್ನ ತಿರುಗಿಸಿ ಓದಿ, ಸಣ್ಣದಾಗಿ ಹುಟ್ಟಿದ ನೂರು ಜನರಲ್ಲಿ 89 ಜನಕ್ಕೆ ಆಗ ಕಾಯಿಲೆ ಇರ್ಲಿಲ್ಲ. ಬಂದೇ ಬರುತ್ತೆ ಅಂತ ಯಾರೂ ಹೇಳಿಲ್ಲ.

ವಾರ್ಡ್_ಸಿಸ್ಟರ್:
ನಾನು ಮಕ್ಕಳ ವಾರ್ಡಲ್ಲಿ ನರ್ಸ್. ತಾಯಿ ಊಟ ಒಂದೇ ಕಾರಣ ಅಲ್ಲಮ್ಮ, ಬೀಪಿ, ರಕ್ತ ಕಮ್ಮಿ, ಸೋಂಕು, ಮಾಸು ಸರಿಯಾಗಿ ಕೆಲಸ ಮಾಡದಿರೋದು ಏನಿದ್ರೂ ಮಗು ಸಣ್ಣದಾಗಬಹುದು. ನಿನ್ನ ತಲೆ ಮೇಲೆ ಹಾಕ್ಕೋಬೇಡ.

ದಪ್ಪ ಮಾಡೋ ವಿಷಯ ಮಾತ್ರ ಸ್ವಲ್ಪ ಗಮನ ಕೊಟ್ಟು ಓದು. ಬಾರ್ಕರ್ ತಂಡದ್ದೇ ಫಿನ್ಲೆಂಡಿನ ಹೆಲ್ಸಿಂಕಿ ಅಧ್ಯಯನ 2005ರಲ್ಲಿ ಬಂತು, ಮುಂದೆ ಹಾರ್ಟ್ ಅಟ್ಯಾಕ್ ಆದೋರು ಹುಟ್ಟಿದಾಗ ಸಣ್ಣ, ಎರಡು ವರ್ಷಕ್ಕೂ ತೆಳ್ಳಗೆ, ಅಲ್ಲಿಂದ ಹನ್ನೊಂದು ವರ್ಷದೊಳಗೆ ಬೇಗ ಬೇಗ ತೂಕ ಏರಿಸ್ಕೊಂಡವರು. ಅಂದ್ರೆ ಮೊದಲನೇ ವರ್ಷ ಮಗು ಚೆನ್ನಾಗಿ ಬೆಳೀಲೇಬೇಕು, ಅಷ್ಟರಮಟ್ಟಿಗೆ ನಿಮ್ಮತ್ತೆ ಮಾತು ತಪ್ಪಲ್ಲ, ಆದ್ರೆ ಎದೆಹಾಲಲ್ಲೇ ತೂಕ ಏರ್ತಿದ್ರೆ ಡಬ್ಬಿ ಹಾಲು ಯಾಕೆ. ಗ್ರೋತ್ ಚಾರ್ಟಲ್ಲಿ ಗೆರೆ ಮೇಲಕ್ಕೆ ಹೋಗ್ತಿದ್ಯಾ ಅಂತ ಪ್ರತಿ ಸಲ ತೂಕ ಹಾಕಿಸಿದಾಗ ಕೇಳು. ಮುಂದೆ ಓಡಾಡೋ ವಯಸ್ಸಲ್ಲಿ, ಹುಟ್ಟಿದಾಗ ಸಣ್ಣ ಇತ್ತು ಪಾಪ ಅಂತ ಬಿಸ್ಕತ್ತು ಚಾಕಲೇಟು ತುರುಕೋದು, ಅದು ಬೇಡ.

ಪಾಪು_ಅಮ್ಮ:
ತುಂಬಾ ಥ್ಯಾಂಕ್ಸ್, ಓದಿ ಕಣ್ಣಲ್ಲಿ ನೀರು ಬಂತು. ಸಿಸ್ಟರ್, ಬೇರೆ ಏನಾದ್ರೂ ಟೆಸ್ಟ್ ಮಾಡಿಸ್ಬೇಕಾ?

ವಾರ್ಡ್_ಸಿಸ್ಟರ್:
ಡಾಕ್ಟರ್ ಹೇಳದೇ ಎಕೋ (ಹಾರ್ಟ್ ಸ್ಕ್ಯಾನ್) ಗಿಕೋ ಏನೂ ಬೇಡ. ಬೀಪಿ ಮಾತ್ರ ಮರೀಬೇಡ. ಸಾಮಾನ್ಯವಾಗಿ ಮೂರು ವರ್ಷದಿಂದ ನೋಡ್ತಾರೆ, ಸಣ್ಣದಾಗಿ ಹುಟ್ಟಿದ ಮಕ್ಕಳಿಗೆ ಅದಕ್ಕೂ ಮುಂಚೆನೇ ನೋಡಿ ಅಂತ ಅಮೆರಿಕದ ಮಕ್ಕಳ ಡಾಕ್ಟರ್‌ಗಳ 2017ರ ಗೈಡ್‌ಲೈನ್ ಇದೆ. ಇಂಥ ಮಕ್ಕಳ ಕಿಡ್ನಿಯಲ್ಲಿ ಸೋಸೋ ಘಟಕಗಳು ಕಮ್ಮಿ ಇರಬಹುದು, ಬೀಪಿ ಏರೋಕೆ ಅದೂ ಒಂದು ಕಾರಣ ಅಂತಾರೆ. ಹುಟ್ಟಿದ ತೂಕ ಇರೋ ಡಿಸ್ಚಾರ್ಜ್ ಕಾರ್ಡ್ ಜೋಪಾನವಾಗಿಡು, ಅವಳು ದೊಡ್ಡವಳಾದ್ಮೇಲೂ ಡಾಕ್ಟರ್‌ಗೆ ತೋರಿಸೋಕೆ ಬೇಕಾಗುತ್ತೆ.