ಜ್ವಾಲಾಪುರಂ ಬೂದಿ: ತೋಬಾದ ಯಾವ ಸ್ಫೋಟದ್ದೆಂದು ಗುರುತಿಸುವುದು ಹೇಗೆ?

ಪ್ರಶ್ನೆ (ಸ್ತರಶೋಧ): ಆಂಧ್ರಪ್ರದೇಶದ ಬನಗಾನಪಲ್ಲೆ ಹತ್ತಿರದ ಜ್ವಾಲಾಪುರಂನಲ್ಲಿ ಜ್ವಾಲಾಮುಖಿ ಬೂದಿ ಎರಡೂವರೆ ಮೀಟರ್ ತನಕ ಇದೆ. ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ತೋಬಾ ಜ್ವಾಲಾಮುಖಿ ಸುಮಾರು 12 ಲಕ್ಷ, 8 ಲಕ್ಷ, 5 ಲಕ್ಷ ಮತ್ತು 74 ಸಾವಿರ ವರ್ಷಗಳ ಹಿಂದೆ ದೊಡ್ಡದಾಗಿ ಸಿಡಿದಿದೆ. ಇಷ್ಟು ದಪ್ಪ ಪದರದಲ್ಲಿ ಒಂದಕ್ಕಿಂತ ಹೆಚ್ಚು ಸ್ಫೋಟಗಳ ಬೂದಿ ಇರಬಹುದೇ? ಸ್ಯಾಂಪಲ್ ಎಲ್ಲಿಂದ ತೆಗೆಯಬೇಕು? ಬೂದಿಯಲ್ಲಿರುವ ಗಾಜಿನ ಚೂರುಗಳ ವಿಶ್ಲೇಷಣೆ ಒಂದೇ ಸಾಕೇ?

ಬೂದಿಬಯಲು: ದಪ್ಪ ನೋಡಿ ಲೆಕ್ಕ ಹಾಕಬೇಡಿ. ತೋಬಾದಿಂದ ಅಲ್ಲಿಗೆ ಸುಮಾರು 2,600 ಕಿ.ಮೀ. ಆಕಾಶದಿಂದ ನೇರ ಬಿದ್ದದ್ದು ತಳದ ಕೆಲವೇ ಸೆಂಟಿಮೀಟರ್. ಮಿಕ್ಕದ್ದೆಲ್ಲ ಸುತ್ತಲಿನ ಇಳಿಜಾರಿನಿಂದ ಮಳೆನೀರು ತೊಳೆದು ತಂದು ತಗ್ಗಿನಲ್ಲಿ ತುಂಬಿದ್ದು. ನೇರ ಬಿದ್ದ ಬೂದಿಯ ತಳ ಚಾಕುವಿನಲ್ಲಿ ಕೊಯ್ದಂತೆ ಸ್ಪಷ್ಟ, ಒಳಗೆ ಮರಳಿಲ್ಲ. ಹರಿದು ಬಂದದ್ದರಲ್ಲಿ ತೆಳು ಗೆರೆಗಳು, ಜೇಡಿ, ಸುಣ್ಣದ ಗಂಟು ಕಾಣುತ್ತವೆ. ಎರಡು ಸ್ಫೋಟಗಳ ನಡುವೆ ಲಕ್ಷಗಟ್ಟಲೆ ವರ್ಷ ಕಳೆದಿದ್ದರೆ ಮಧ್ಯದಲ್ಲಿ ಹಳೇ ಮಣ್ಣಿನ ಪದರವೋ ಬೇರಿನ ಗುರುತೋ ಇರಬೇಕು. ಅದನ್ನು ಮೊದಲು ಹುಡುಕಿ.

ಗೋಡೆಯನ್ನು ಒಂದಡಿಯಷ್ಟು ಒಳಕ್ಕೆ ಕೆರೆದು ಹೊಸ ಮುಖ ತೆರೆಯಿರಿ. ಸ್ಯಾಂಪಲ್ ಕೆಳಗಿನಿಂದ ಮೇಲಕ್ಕೆ ತೆಗೆಯಿರಿ. ಮೇಲಿನಿಂದ ಶುರು ಮಾಡಿದರೆ ಉದುರಿದ ಪುಡಿ ಕೆಳಗಿನ ಪದರಕ್ಕೆ ಬೆರೆಯುತ್ತದೆ.

ಗಾಜುಕಣ: ಲ್ಯಾಬಿನಲ್ಲಿ ಸುಣ್ಣ ಕರಗಿಸಲು ತೆಳು ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, ಸೋಸಿ, ಸೋಡಿಯಂ ಪಾಲಿಟಂಗ್‌ಸ್ಟೇಟ್ ಎಂಬ ಭಾರವಾದ ದ್ರಾವಣದಲ್ಲಿ ತೇಲಿಸಿ ಗಾಜನ್ನು ಬೇರ್ಪಡಿಸಿ. ಎಪಾಕ್ಸಿ ಅಂಟಿನಲ್ಲಿ ಕೂರಿಸಿ ಪಾಲಿಶ್ ಮಾಡಿದ ಮೇಲೆ ಮೈಕ್ರೋಪ್ರೋಬ್ (ಇಲೆಕ್ಟ್ರಾನ್ ಕಿರಣ ಹಾಯಿಸಿ ಧಾತುಗಳನ್ನು ಅಳೆಯುವ ಯಂತ್ರ). ಕಿರಣವನ್ನು ಸುಮಾರು 10 ಮೈಕ್ರಾನ್‌ಗೆ ಹರಡಿ, ಕರೆಂಟ್ ಕಡಿಮೆ ಇಡಿ, ಸೋಡಿಯಂ ಅನ್ನು ಮೊದಲೇ ಅಳೆಯಿರಿ. ಕಿರಣ ಮೊನಚಾಗಿದ್ದರೆ ಸೋಡಿಯಂ ಆ ಜಾಗ ಬಿಟ್ಟು ಸರಿದು ಅಂಕಿ ಕಡಿಮೆ ಬರುತ್ತದೆ, ಸಿಲಿಕಾ ಹೆಚ್ಚಾದಂತೆ ತೋರುತ್ತದೆ.

ಆದರೆ ಗಾಜಿನ ಮುಖ್ಯ ಧಾತುಗಳೇ ಸಾಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. 74 ಸಾವಿರದ ಬೂದಿಗೂ 8 ಲಕ್ಷದ ಬೂದಿಗೂ ಸಿಲಿಕಾ ಹತ್ತಿರ ಹತ್ತಿರ 77%, ಎರಡೂ ಒಂದರ ಮೇಲೊಂದು ಬೀಳುತ್ತವೆ. ಬಯೋಟೈಟ್ (ಕಪ್ಪು ಅಭ್ರಕ) ಸಿಕ್ಕರೆ ಅದರ ಕಬ್ಬಿಣ–ಮೆಗ್ನೀಸಿಯಂ ಅನುಪಾತ ನೋಡಿ. ಇವೆರಡನ್ನು ಬೇರ್ಪಡಿಸುವುದು ಅದೇ. ಗಾಜಿನ ಬೇರಿಯಂ ಕೂಡ ಒಂದೊಂದೇ ಚೂರಿನಲ್ಲಿ ಅಳೆಯಿರಿ, ಸರಾಸರಿ ತೆಗೆಯಬೇಡಿ. 74 ಸಾವಿರದ ಬೂದಿಯಲ್ಲಿ ಬೇರಿಯಂ ಹಲವು ಗುಂಪುಗಳಾಗಿ ಒಡೆಯುತ್ತದೆ, ಸರಾಸರಿಯಲ್ಲಿ ಆ ಗುರುತು ಅಳಿಸಿಹೋಗುತ್ತದೆ.

ಕಾಲಮಾಪಕ: ಕಾಲನಿರ್ಣಯದ ಬಗ್ಗೆ ಒಂದು ಎಚ್ಚರಿಕೆ. ರೇಡಿಯೋಕಾರ್ಬನ್ ಸುಮಾರು 50 ಸಾವಿರ ವರ್ಷಕ್ಕೇ ನಿಲ್ಲುತ್ತದೆ, ಇಲ್ಲಿ ಉಪಯೋಗವಿಲ್ಲ. ಪುಣೆ ಹತ್ತಿರ ಕುಕಡಿ ನದಿಯ ಬೋರಿ ಬೂದಿಗೆ 14 ಲಕ್ಷ, 6.7 ಲಕ್ಷ, 75 ಸಾವಿರ ಎಂದೆಲ್ಲ ವಯಸ್ಸು ಪ್ರಕಟವಾಗಿದೆ. ಪೊಟ್ಯಾಸಿಯಂ ಕ್ಷಯಿಸಿ ಆರ್ಗಾನ್ ಆಗುವುದನ್ನು ಅಳೆದು ವಯಸ್ಸು ಹೇಳುವ ಆರ್ಗಾನ್ ವಿಧಾನದಲ್ಲಿ ಒಟ್ಟು ಬೂದಿಯನ್ನೇ ಅಳೆದಾಗ ಕಲಬೆರಕೆ ಎಷ್ಟು ಕೆಡಿಸಬಲ್ಲದು ನೋಡಿ: ಪೊಟ್ಯಾಸಿಯಂನ ಬರೀ 1% ಭಾಗ 6.5 ಕೋಟಿ ವರ್ಷದ ದಖ್ಖನ್ ಕಲ್ಲಿನ ಕಣಗಳಿಂದ ಬಂದರೂ ವಯಸ್ಸಿಗೆ ಸುಮಾರು 6.5 ಲಕ್ಷ ವರ್ಷ ಕೂಡುತ್ತದೆ. ಆದ್ದರಿಂದ ಆರ್ಗಾನ್ ವಿಧಾನವನ್ನು ತೋಬಾ ಹತ್ತಿರದ ದಪ್ಪ ಪದರಗಳ ಸ್ಯಾನಿಡಿನ್ ಎಂಬ ಪೊಟ್ಯಾಸಿಯಂ ಇರುವ ಖನಿಜದ ಹರಳುಗಳಲ್ಲಿ, ಒಂದೊಂದೇ ಹರಳಾಗಿ ಮಾಡುವುದು ಮೇಲು. ಜಿರ್ಕಾನ್ ಎಂಬ ಖನಿಜದ ವಯಸ್ಸು ಹರಳು ಬೆಳೆದ ಕಾಲ ಹೇಳುತ್ತದೆ, ಸಿಡಿದ ಕಾಲವನ್ನಲ್ಲ.

ಜ್ವಾಲಾಪುರಂನಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಮೈಕಲ್ ಪೆಟ್ರಾಗ್ಲಿಯಾ ಅವರ ತಂಡ 2007ರಲ್ಲಿ ಪ್ರಕಟಿಸಿದ್ದು ಬೂದಿಯ ಕೆಳಗಿನ ಮತ್ತು ಮೇಲಿನ ಮಣ್ಣಿನ ಬೆಳಕು ಆಧಾರಿತ ವಯಸ್ಸು (ಮಣ್ಣಿನ ಕಣಗಳು ಕೊನೆಯ ಸಲ ಬಿಸಿಲು ಕಂಡ ಕಾಲ): ಕೆಳಗೆ 77±6 ಸಾವಿರ, ಮೇಲೆ 74±7 ಸಾವಿರ. ನಡುವಿನ ಬೂದಿ 8 ಲಕ್ಷದ್ದಾಗಿರಬೇಕಾದರೆ ಹಳೇ ಬೂದಿ ಬೇರೆಡೆಯಿಂದ ಕೊಚ್ಚಿಬಂದಿರಬೇಕು. ತಳದ ಸೆಂಟಿಮೀಟರ್‌ಗಳು ನೇರ ಬಿದ್ದವೇ ಎಂಬುದು ಅದಕ್ಕೇ ಅಷ್ಟು ಮುಖ್ಯ.

ಸ್ತರಶೋಧ: ಬಯೋಟೈಟ್ ಇಷ್ಟು ದೂರದ ಬೂದಿಯಲ್ಲಿ ಸಿಗುತ್ತದೆಯೇ?

ಗಾಜುಕಣ: ಸಿಗುತ್ತದೆ. ಚಪ್ಪಟೆ ಹಾಳೆಯಾದ್ದರಿಂದ ಗಾಳಿಯಲ್ಲಿ ದೂರ ಸಾಗುತ್ತದೆ. ಆದರೆ ಕಡಿಮೆ, ಹಾಗಾಗಿ ತಳದ ಸ್ಯಾಂಪಲ್ ಅನ್ನು ಚೀಲದ ತುಂಬ ತನ್ನಿ. ಅಂಚು ತುಕ್ಕಿನ ಬಣ್ಣಕ್ಕೆ ತಿರುಗಿದ ಹಾಳೆಗಳನ್ನು ಬಿಡಿ, ಅವುಗಳ ಕಬ್ಬಿಣದ ಅಂಕಿ ನಂಬುವಂತಿಲ್ಲ.