ನಕ್ಷತ್ರದ ಕುಕೀಗಳು ಓವನ್‌ನಲ್ಲಿ ಹರಡಿ ಒಂದಕ್ಕೊಂದು ಅಂಟುತ್ತಿವೆ, ಜೊತೆಗೆ ಕಹಿ: ಎಲ್ಲಿ ತಪ್ಪುತ್ತಿದ್ದೇನೆ?

ಹೊಸಕೈ:

ಎಲ್ಲರಿಗೂ ನಮಸ್ಕಾರ. ಕ್ರಿಸ್‌ಮಸ್‌ಗೆ ಇನ್ನು ಹನ್ನೆರಡು ದಿನ ಇದೆ. ಮಸಾಲೆ ಹಾಕಿದ ಬೆಣ್ಣೆ ಕುಕೀ ಮಾಡಿ, ಡಬ್ಬಿಗಳಲ್ಲಿ ತುಂಬಿ, ಬೇಕಾದವರಿಗೆಲ್ಲ ಕೊಡಬೇಕು ಅಂತ ಆಸೆ. ಮೂರು ಸಲ ಮಾಡಿದೆ. ಮೂರು ಸಲವೂ ಕೆಟ್ಟಿತು.

ನನ್ನ ಹತ್ತಿರ ಇರುವ ಅಳತೆ ಹೀಗಿದೆ: ಮೈದಾ 2 ಕಪ್, ಬೆಣ್ಣೆ 150 ಗ್ರಾಂ, ಬ್ರೌನ್ ಶುಗರ್ 110 ಗ್ರಾಂ, ಹಾಲು 2 ದೊಡ್ಡ ಚಮಚ, ಬೇಕಿಂಗ್ ಪೌಡರ್ 1 ಟೀ ಚಮಚ, ಚಿಟಿಕೆ ಉಪ್ಪು. ಮಸಾಲೆಗೆ ಚಕ್ಕೆ ಪುಡಿ 2 ಟೀ ಚಮಚ, ಲವಂಗದ ಪುಡಿ 1, ಒಣಶುಂಠಿ ಅರ್ಧ, ಜಾಯಿಕಾಯಿ ಅರ್ಧ. ಓವನ್ 180 ಡಿಗ್ರಿ, 12 ನಿಮಿಷ.

ನಕ್ಷತ್ರದ ಅಚ್ಚಿನಲ್ಲಿ ಕತ್ತರಿಸಿ ಟ್ರೇಗೆ ಇಡುವಾಗ ಚೆನ್ನಾಗಿಯೇ ಇರುತ್ತವೆ. ನಾಲ್ಕೇ ನಿಮಿಷಕ್ಕೆ ಮೂಲೆಗಳು ಕರಗಿ ಎಲ್ಲ ದುಂಡಗಾಗುತ್ತವೆ. ಎಂಟು ನಿಮಿಷಕ್ಕೆ ಅಂಚು ಕಂದು, ನಡುವೆ ಮಾತ್ರ ಮೆತ್ತಗೆ. ತಿಂದರೆ ನಾಲಿಗೆ ಜೋಮು ಹಿಡಿದ ಹಾಗೆ. ಆಮೇಲೆ ಒಂದು ಥರಾ ಕಹಿ ಉಳಿಯುತ್ತದೆ. ಮೂರನೇ ಸಲ ಅರ್ಧ ಕಪ್ ಮೈದಾ ಜಾಸ್ತಿ ಹಾಕಿದೆ. ಹರಡುವುದು ಸ್ವಲ್ಪ ಕಡಿಮೆಯಾಯಿತು, ಆದರೆ ಕಲ್ಲಿನ ಹಾಗೆ ಗಟ್ಟಿ. ಕಹಿ ಹೋಗಲಿಲ್ಲ.

ದಯವಿಟ್ಟು ಸಹಾಯ ಮಾಡಿ.

ಚಕ್ಕೆಲವಂಗ:

ಮೊದಲು ಒಂದು ಮಾತು. ಮೈದಾ ಜಾಸ್ತಿ ಹಾಕಿ ಸರಿಮಾಡುವ ದಾರಿ ಬಿಟ್ಟುಬಿಡಿ. ಹರಡುವುದನ್ನು ಹಿಟ್ಟಿನಿಂದ ತಡೆಯಬಹುದು ನಿಜ, ಆದರೆ ಬೆಣ್ಣೆ ಕುಕೀಯ ಆ ಬಾಯಲ್ಲಿ ಕರಗುವ ಗುಣ ಹೋಗಿಬಿಡುತ್ತದೆ. ನಿಮಗೆ ಆಗಿದ್ದೂ ಅದೇ. 150 ಗ್ರಾಂ ಬೆಣ್ಣೆಗೆ 250 ಗ್ರಾಂ ಮೈದಾ ಒಳ್ಳೆಯ ಲೆಕ್ಕ. ಆ ಅಳತೆಯಲ್ಲಿ ಆಕಾರ ನಿಲ್ಲಲೇಬೇಕು. ನಿಲ್ಲುತ್ತಿಲ್ಲ ಅಂದರೆ ಕಾರಣ ಬೇರೆ ಕಡೆ ಇದೆ.

ಕೆಲವು ಪ್ರಶ್ನೆ ಕೇಳುತ್ತೇನೆ. ಬೆಣ್ಣೆ ಸಕ್ಕರೆ ಸೇರಿಸಿ ನಾದುವಾಗ ಬೆಣ್ಣೆ ಎಷ್ಟು ಮೆತ್ತಗಿತ್ತು? ಲಟ್ಟಿಸುವ ಮೊದಲು ಹಿಟ್ಟನ್ನು ಫ್ರಿಜ್‌ನಲ್ಲಿ ಇಟ್ಟಿದ್ದಿರಾ? ಎರಡನೇ ಸರದಿಯನ್ನು ಬಿಸಿ ಟ್ರೇ ಮೇಲೇ ಇಟ್ಟಿರಾ? ಟ್ರೇಗೆ ಬೆಣ್ಣೆ ಸವರಿದ್ದಿರಾ?

ಹೊಸಕೈ:

ಬೆಣ್ಣೆಯನ್ನು ಬೆಳಿಗ್ಗೆಯೇ ಹೊರಗೆ ತೆಗೆದಿಟ್ಟಿದ್ದೆ. ಮಧ್ಯಾಹ್ನ ಮಾಡುವಾಗ ತುಂಬಾ ಮೆತ್ತಗಿತ್ತು, ಬಟ್ಟಲಿನ ಅಂಚಿನಲ್ಲಿ ಎಣ್ಣೆ ಥರಾ ಹೊಳೆಯುತ್ತಿತ್ತು. ಮೆತ್ತಗಿದ್ದಷ್ಟೂ ಒಳ್ಳೆಯದು ಅಂದುಕೊಂಡೆ. ಹಿಟ್ಟನ್ನು ಫ್ರಿಜ್‌ನಲ್ಲಿ ಇಡಲಿಲ್ಲ, ಕಲಸಿದ ಕೂಡಲೇ ಲಟ್ಟಿಸಿದೆ. ಇರುವುದು ಒಂದೇ ಟ್ರೇ, ಹಾಗಾಗಿ ಬಿಸಿ ಟ್ರೇ ಮೇಲೇ ಎರಡನೇ ಸರದಿ ಇಟ್ಟೆ. ಹೌದು, ಬೆಣ್ಣೆ ಸವರಿದ್ದೆ.

ಚಕ್ಕೆಲವಂಗ:

ನಾನು ಕೇಳಿದ ನಾಲ್ಕೂ ನಿಮ್ಮಲ್ಲಿವೆ. ಸಿಕ್ಕಿತು ಬಿಡಿ.

ಬೆಣ್ಣೆ 32ರಿಂದ 35 ಡಿಗ್ರಿಗೆ ಪೂರ್ತಿ ಕರಗುತ್ತದೆ. ಅದಕ್ಕೂ ಮೊದಲೇ ಅದರ ಕಟ್ಟು ಸಡಿಲವಾಗಿರುತ್ತದೆ. ಸಕ್ಕರೆ ಜೊತೆ ನಾದುವಾಗ ಬೆಣ್ಣೆ 18ರಿಂದ 20 ಡಿಗ್ರಿ ಇರಬೇಕು. ಬೆರಳಿಂದ ಒತ್ತಿದರೆ ಗುಳಿ ಬೀಳಬೇಕು, ಆದರೆ ಬೆರಳು ಸುಮ್ನೆ ಒಳಗೆ ಇಳಿದುಹೋಗಬಾರದು. ಹೊಳಪು ಬಂದಿದೆ ಅಂದರೆ ಆಗಲೇ ತಡವಾಗಿದೆ. ಆ ಬೆಣ್ಣೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಓವನ್‌ಗೆ ಹೋದ ತಕ್ಷಣ ಹರಿಯುತ್ತದೆ. ಮೈದಾ ಬೆಂದು ಗಟ್ಟಿಯಾಗುವುದಕ್ಕೂ ಬೆಣ್ಣೆ ಕರಗಿ ಹರಿಯುವುದಕ್ಕೂ ನಡುವೆ ಪೈಪೋಟಿ ಇದೆ ಅಂದುಕೊಳ್ಳಿ. ಕುಕೀ ತಣ್ಣಗಿದ್ದು ಓವನ್‌ಗೆ ಹೋದರೆ ಮೈದಾ ಗೆಲ್ಲುತ್ತದೆ. ಬೆಚ್ಚಗೆ ಹೋದರೆ ಬೆಣ್ಣೆ ಗೆಲ್ಲುತ್ತದೆ.

ಕಲಸಿದ ಹಿಟ್ಟನ್ನು ಚಪ್ಪಟೆ ಮಾಡಿ, ಸುತ್ತಿ, ಕಡಿಮೆ ಅಂದರೂ ಒಂದು ಗಂಟೆ ಫ್ರಿಜ್‌ನಲ್ಲಿಡಿ. ರಾತ್ರಿಯಿಡೀ ಇಟ್ಟರೆ ಇನ್ನೂ ಒಳ್ಳೆಯದು. ಮೈದಾ ತೇವವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಮಸಾಲೆಯ ಪರಿಮಳವೂ ಬೆಣ್ಣೆಗೆ ಇಳಿಯುತ್ತದೆ. ಎರಡು ಬೇಕಿಂಗ್ ಪೇಪರ್ ನಡುವೆ ಇಟ್ಟು ಲಟ್ಟಿಸಿದರೆ ಮೇಲೆ ಹಿಟ್ಟು ಉದುರಿಸುವ ಕೆಲಸವೇ ಇಲ್ಲ. 4ರಿಂದ 5 ಮಿಲಿಮೀಟರ್ ದಪ್ಪ ಸಾಕು. ಕತ್ತರಿಸಿದ ಮೇಲೆ ಟ್ರೇ ಸಮೇತ 15 ನಿಮಿಷ ಫ್ರೀಜರ್‌ನಲ್ಲಿಡಿ. ಆಕಾರ ಉಳಿಸುವುದೇ ಈ ಹೆಜ್ಜೆ, ಇದನ್ನು ಮಾತ್ರ ಬಿಡಬೇಡಿ.

ಟ್ರೇಗೆ ಬೆಣ್ಣೆ ಸವರಬೇಡಿ. ಹಿಟ್ಟಿಗೆ ಹಿಡಿತ ಸಿಗದೆ ಜಾರುತ್ತದೆ. ಬೇಕಿಂಗ್ ಪೇಪರ್ ಹಾಕಿದರೆ ಸಾಕು. ಒಂದೇ ಟ್ರೇ ಇದ್ದರೆ ನಡುವೆ ಪೂರ್ತಿ ತಣ್ಣಗಾಗಲು ಬಿಡಿ. ತಣ್ಣೀರಿನಲ್ಲಿ ತೊಳೆದು ಒರೆಸಿದರೂ ಆಗುತ್ತದೆ, ಆದರೆ ಬಿಸಿ ಬಿಸಿ ಇದ್ದಾಗ ನೀರು ಹಾಕಬೇಡಿ, ಟ್ರೇ ಸೊಟ್ಟಗಾಗುತ್ತದೆ.

ಇನ್ನು ನಾಲಿಗೆ ಜೋಮು ಬರುವುದು. ಅದು ಲವಂಗ. ಲವಂಗದಲ್ಲಿ ಯುಜಿನಾಲ್ ಅನ್ನುವ ಎಣ್ಣೆಯ ಅಂಶ ಇದೆ, ಅದಕ್ಕೆ ನಾಲಿಗೆಯನ್ನು ಮರಗಟ್ಟಿಸುವ ಗುಣ ಇದೆ. ಹಲ್ಲುನೋವಿಗೆ ಲವಂಗದೆಣ್ಣೆ ಹಚ್ಚುವುದು ಅದಕ್ಕೇ ಅಲ್ವಾ. 250 ಗ್ರಾಂ ಮೈದಾಗೆ ಒಂದು ಟೀ ಚಮಚ ಲವಂಗ ತುಂಬಾ ಜಾಸ್ತಿ. ಟೀ ಚಮಚದ ಎಂಟನೇ ಒಂದು ಭಾಗದಿಂದ ಶುರು ಮಾಡಿ, ಕಾಲು ಭಾಗ ದಾಟಬೇಡಿ. ಜಾಯಿಕಾಯಿಯನ್ನೂ ಕಾಲು ಚಮಚಕ್ಕೆ ಇಳಿಸಿ.

ನೆದರ್ಲೆಂಡ್ಸ್‌ನ ಸ್ಪೆಕ್ಯುಲಾಸ್ ಕುಕೀ ನಿಮ್ಮದಕ್ಕೆ ಹತ್ತಿರದ್ದು. ಅಲ್ಲಿ ಡಿಸೆಂಬರ್ 5ರ ಸಂಜೆ, ಸಂತ ನಿಕೋಲಸ್ ಹಬ್ಬಕ್ಕೆ ಮಾಡುತ್ತಾರೆ. ಮರದ ಅಚ್ಚಿಗೆ ಹಿಟ್ಟು ಒತ್ತಿ ಚಿತ್ತಾರ ಮೂಡಿಸುವುದು ಹಳೆಯ ಪದ್ಧತಿ. ಆ ಮಸಾಲೆಯಲ್ಲಿ ಚಕ್ಕೆಯೇ ಮುಂದೆ. ಲವಂಗ, ಜಾಯಿಕಾಯಿ, ಒಣಶುಂಠಿ, ಏಲಕ್ಕಿ, ಬಿಳಿ ಮೆಣಸು ಎಲ್ಲ ಇರುತ್ತವೆ, ಆದರೆ ಹಿಂದೆ ನಿಂತಿರುತ್ತವೆ. ನನಗೆ ಆ ಹದ ತುಂಬಾ ಇಷ್ಟ. ಏಲಕ್ಕಿ ಕಾಲು ಚಮಚ ಹಾಕಿ ನೋಡಿ, ಕುಕೀಯ ಪರಿಮಳವೇ ಬದಲಾಗುತ್ತದೆ.

ಹೊಸಕೈ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಕಲಸಿ ಫ್ರಿಜ್‌ನಲ್ಲಿಟ್ಟು ಇವತ್ತು ಮಾಡಿದೆ. ಲವಂಗ ಎಂಟನೇ ಒಂದು ಭಾಗ ಹಾಕಿದೆ, ಏಲಕ್ಕಿಯನ್ನೂ ಸೇರಿಸಿದೆ. ನಾಲಿಗೆ ಜೋಮು ಬರಲಿಲ್ಲ! ಅಂಟಿಕೊಳ್ಳಲೂ ಇಲ್ಲ. ಆದರೆ ನಕ್ಷತ್ರದ ತುದಿಗಳು ಈಗಲೂ ಮೊಂಡಾಗುತ್ತಿವೆ. ಎಂಟು ನಿಮಿಷಕ್ಕೇ ಗಾಢ ಕಂದು ಬಣ್ಣ ಬರುತ್ತದೆ. ಕಹಿ ಹಾಗೇ ಇದೆ. ಲವಂಗ ಇಷ್ಟು ಕಡಿಮೆ ಮಾಡಿದ ಮೇಲೂ ಕಹಿ ಯಾಕೆ?

ತೂಕದಕಲ್ಲು:

ಮೊದಲಿಂದ ಓದುತ್ತಾ ಬಂದೆ. ಆ ಕಹಿಯನ್ನು ಸ್ವಲ್ಪ ಬಿಡಿಸಿ ಹೇಳ್ತೀರಾ? ಸುಟ್ಟ ಕಹಿಯಾ, ಸೋಪಿನ ಹಾಗಾ, ಅಥವಾ ಲೋಹ ನೆಕ್ಕಿದ ಹಾಗಾ? ಇನ್ನೊಂದು, ನಿಮ್ಮ ಬೇಕಿಂಗ್ ಪೌಡರ್ ಡಬ್ಬಿ ತೆರೆದು ಎಷ್ಟು ದಿನ ಆಯಿತು?

ಹೊಸಕೈ:

ಸೋಪು ಅಂದಿರಲ್ಲ, ಅದೇ. ಪದ ಹೊಳೆದಿರಲಿಲ್ಲ. ಬೇಕಿಂಗ್ ಪೌಡರ್ ಖಾಲಿಯಾಗಿತ್ತು, ಅದರ ಬದಲು ಬೇಕಿಂಗ್ ಸೋಡಾ ಅಷ್ಟೇ ಅಳತೆಗೆ ಹಾಕುತ್ತಿದ್ದೇನೆ. ಎರಡೂ ಒಂದೇ ಅಲ್ವಾ?

ತೂಕದಕಲ್ಲು:

ಒಂದೇ ಅಲ್ಲ. ನಿಮ್ಮ ಉಳಿದ ಎಲ್ಲ ತೊಂದರೆಗೂ ಇದೇ ಕಾರಣ.

ಬೇಕಿಂಗ್ ಪೌಡರ್ ಅಂದರೆ ಸೋಡಾ ಜೊತೆಗೆ ಒಣ ಆಮ್ಲ, ಸ್ವಲ್ಪ ಪಿಷ್ಟ. ಸೋಡಾ ಒಂದೇ ಇದ್ದರೆ ಅದರ ಬಲ ಪೌಡರ್‌ಗಿಂತ ಸುಮಾರು ಮೂರು ನಾಲ್ಕು ಪಟ್ಟು. ಅದು ಕೆಲಸ ಮಾಡಿ ಮುಗಿಯಲು ಹಿಟ್ಟಿನಲ್ಲಿ ಹುಳಿ ಇರಬೇಕು. ಬ್ರೌನ್ ಶುಗರ್‌ನಲ್ಲಿ ಸ್ವಲ್ಪ ಹುಳಿ ಇದೆ, ಆದರೆ ಒಂದು ಪೂರ್ತಿ ಚಮಚ ಸೋಡಾಗೆ ಅದು ಎಲ್ಲಿಗೂ ಸಾಲದು. ಉಳಿದ ಸೋಡಾ ಕ್ಷಾರವಾಗಿ ಕುಕೀಯಲ್ಲೇ ಕೂರುತ್ತದೆ. ಸೋಪಿನ ರುಚಿ ಬರುವುದು ಅದರಿಂದ. ಕ್ಷಾರ ಇದ್ದಲ್ಲಿ ಕುಕೀ ಬೇಗ ಕೆಂಪಾಗುತ್ತದೆ, ಹಾಗಾಗಿ ಒಳಗೆ ಬೇಯುವ ಮೊದಲೇ ಅಂಚು ಕಂದಾಗುತ್ತಿದೆ. ಅದೇ ಕ್ಷಾರ ಹಿಟ್ಟು ಬಿಗಿಯಾಗುವುದನ್ನೂ ತಡ ಮಾಡುತ್ತದೆ. ತುದಿಗಳು ಮೊಂಡಾಗಿ ಹರಡುವುದು ಆ ತಡದಲ್ಲಿ.

ಚಕ್ಕೆಲವಂಗ ಅವರು ಹೇಳಿದ್ದು ಎಲ್ಲ ಸರಿ, ಅದರಿಂದಲೇ ಅರ್ಧ ಸರಿಹೋಗಿದೆ. ಇನ್ನರ್ಧ ಈ ಸೋಡಾದಲ್ಲಿದೆ.

ಹೊಸ ಬೇಕಿಂಗ್ ಪೌಡರ್ ತಂದು ಅರ್ಧ ಟೀ ಚಮಚ ಮಾತ್ರ ಹಾಕಿ. ಆಕಾರ ಇನ್ನೂ ಚೂಪಾಗಿ ಬೇಕಂದರೆ ಪೂರ್ತಿ ಬಿಟ್ಟುಬಿಡಿ. ಬೆಣ್ಣೆ ಸಕ್ಕರೆ ನಾದಿದಾಗ ಸೇರಿದ ಗಾಳಿಯೇ ಈ ಕುಕೀಗೆ ಸಾಕು. ನಾನು ಹಾಕುವುದೇ ಇಲ್ಲ.

ಮೈದಾವನ್ನು ದಯವಿಟ್ಟು ತೂಕ ಮಾಡಿ. ಕಪ್ಪನ್ನು ಡಬ್ಬಿಯೊಳಗೆ ಅದ್ದಿ ತೆಗೆದರೆ 150 ಗ್ರಾಂವರೆಗೂ ಬರಬಹುದು, ಚಮಚದಿಂದ ಸಡಿಲವಾಗಿ ತುಂಬಿದರೆ 125ರ ಹತ್ತಿರ. ಎರಡು ಕಪ್‌ಗೆ 50 ಗ್ರಾಂ ವ್ಯತ್ಯಾಸ ಅಂದರೆ ಕುಕೀಯೇ ಬೇರೆ.

ಓವನ್ 170 ಡಿಗ್ರಿಗೆ ಇಳಿಸಿ, ಫ್ಯಾನ್ ಓಡುತ್ತಿದ್ದರೆ 150. ಕನಿಷ್ಠ 15 ನಿಮಿಷ ಮೊದಲೇ ಕಾಯಿಸಿ. ಗುಂಡಿ ತೋರಿಸುವ ಅಂಕಿಯನ್ನು ನಂಬಬೇಡಿ, ಒಳಗಿಡುವ ಚಿಕ್ಕ ಥರ್ಮಾಮೀಟರ್ ಸಿಗುತ್ತದೆ. ನನ್ನ ಓವನ್ 20 ಡಿಗ್ರಿ ಜಾಸ್ತಿ ಕಾಯುತ್ತಿತ್ತು, ವರ್ಷಗಟ್ಟಲೆ ಗೊತ್ತೇ ಆಗಿರಲಿಲ್ಲ.

ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ಇಡೀ ಟ್ರೇ ತುಂಬುವ ಮೊದಲು ಎರಡೇ ಎರಡು ಕುಕೀ ಬೇಯಿಸಿ ನೋಡಿ. ಕೆಟ್ಟರೆ ಎರಡು ಕೆಡುತ್ತವೆ, ಉಳಿದ ಹಿಟ್ಟು ಫ್ರಿಜ್‌ನಲ್ಲಿ ಭದ್ರವಾಗಿರುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ.

ಚಕ್ಕೆಲವಂಗ:

ಸೋಡಾ ವಿಷಯ ನನಗೆ ಹೊಳೆಯಲೇ ಇಲ್ಲ. ಅಳತೆಯಲ್ಲಿ ಪೌಡರ್ ಅಂತ ಇತ್ತು, ಅದನ್ನೇ ಹಾಕಿದ್ದೀರಿ ಅಂದುಕೊಂಡೆ. ತೂಕದಕಲ್ಲು ಅವರ ಮಾತಿಗೆ ಒಂದೇ ಸೇರಿಸುತ್ತೇನೆ. ಓವನ್‌ನಿಂದ ತೆಗೆಯುವಾಗ ನಡುವೆ ಸ್ವಲ್ಪ ಮೆತ್ತಗಿದ್ದರೆ ಗಾಬರಿ ಬೇಡ. ಅಂಚು ಹೊಂಬಣ್ಣಕ್ಕೆ ತಿರುಗಿದರೆ ಸಾಕು. ಟ್ರೇ ಮೇಲೇ ಐದು ನಿಮಿಷ ಬಿಡಿ, ಆ ಬಿಸಿಗೆ ಗಟ್ಟಿಯಾಗುತ್ತವೆ. ಆಮೇಲೆ ಜಾಲರಿ ಮೇಲೆ ಹಾಕಿ.

ಹೊಸಕೈ:

ಆಯಿತು!! ನಿಜವಾಗಿ ಆಯಿತು!

ಮೊದಲು ಎರಡು ಕುಕೀ ಹಾಕಿ ಓವನ್ ಬಾಗಿಲ ಮುಂದೆಯೇ ಕೂತಿದ್ದೆ. ಐದೂ ತುದಿ ಹಾಗೇ ನಿಂತವು. 170 ಡಿಗ್ರಿ, 11 ನಿಮಿಷ. ಆಮೇಲೆ ಉಳಿದ ಹಿಟ್ಟನ್ನೆಲ್ಲ ಮಾಡಿದೆ, ಒಟ್ಟು 34 ನಕ್ಷತ್ರ. ಸೋಪಿನ ರುಚಿ ಇಲ್ಲವೇ ಇಲ್ಲ. ಚಕ್ಕೆ, ಏಲಕ್ಕಿ ಎರಡೂ ಬೇರೆ ಬೇರೆಯಾಗಿ ಗೊತ್ತಾಗುತ್ತವೆ. ನನ್ನ ಎರಡು ಕಪ್ ಮೈದಾ ತೂಗಿದರೆ 290 ಗ್ರಾಂ ಇತ್ತು, ಅದನ್ನೂ 250ಕ್ಕೆ ಇಳಿಸಿದ್ದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಅಂದಿದ್ದಿರಿ, ಮನಸ್ಸು ತಡೆಯಲಿಲ್ಲ, ಕ್ಷಮಿಸಿ.

ಈಗ ಕೊನೆಯ ಪ್ರಶ್ನೆ. ಡಬ್ಬಿಗೆ ಹಾಕಿ ಎರಡು ದಿನ ಆಯಿತು, ಸ್ವಲ್ಪ ಮೆತ್ತಗಾಗಿವೆ. ಗರಿಗರಿ ಹೋಗಿದೆ. ಕ್ರಿಸ್‌ಮಸ್‌ವರೆಗೆ ಹೇಗೆ ಇಡುವುದು?

ತೂಕದಕಲ್ಲು:

ಬೆಚ್ಚಗಿದ್ದಾಗಲೇ ಡಬ್ಬಿ ಮುಚ್ಚಿದಿರಾ? ಹಾಗಿದ್ದರೆ ಒಳಗಿನ ಹಬೆಯೇ ಮೆತ್ತಗೆ ಮಾಡಿದೆ. ಪೂರ್ತಿ ತಣ್ಣಗಾಗಲು ಒಂದು ಗಂಟೆಯಾದರೂ ಬೇಕು. ಮೆತ್ತಗಿನ ಕೇಕ್ ತುಂಡುಗಳ ಜೊತೆ ಒಂದೇ ಡಬ್ಬಿಯಲ್ಲಿ ಹಾಕಿದರೂ ಹೀಗೇ ಆಗುತ್ತದೆ, ಅದರ ತೇವವನ್ನು ಕುಕೀ ಎಳೆದುಕೊಳ್ಳುತ್ತದೆ.

ಈಗಿನದನ್ನು ಉಳಿಸಬಹುದು. 150 ಡಿಗ್ರಿಯಲ್ಲಿ ನಾಲ್ಕೈದು ನಿಮಿಷ ಇಟ್ಟು, ತೆಗೆದು, ಪೂರ್ತಿ ತಣ್ಣಗೆ ಮಾಡಿ. ಗರಿಗರಿ ವಾಪಸ್ ಬರುತ್ತದೆ.

ಕೊಡುವ ಡಬ್ಬಿಗಳಿಗೆ ನಾನಾಗಿದ್ದರೆ ಹೀಗೆ ಮಾಡುತ್ತೇನೆ. ಹಿಟ್ಟನ್ನು ಈಗಲೇ ಕಲಸಿ, ಲಟ್ಟಿಸಿ, ನಕ್ಷತ್ರ ಕತ್ತರಿಸಿ, ಫ್ರೀಜರ್‌ನಲ್ಲಿ ಗಟ್ಟಿ ಮಾಡಿ, ಪದರದ ನಡುವೆ ಪೇಪರ್ ಇಟ್ಟು ಜೋಡಿಸುವುದು. ಹಾಗೆ ಎರಡು ಮೂರು ತಿಂಗಳು ಇರುತ್ತದೆ. ಡಿಸೆಂಬರ್ 22, 23ರಂದು ಫ್ರೀಜರ್‌ನಿಂದ ನೇರ ಓವನ್‌ಗೆ. ಕರಗಲು ಬಿಡಬೇಡಿ. ಒಂದೆರಡು ನಿಮಿಷ ಜಾಸ್ತಿ ಬೇಕಾಗುತ್ತದೆ ಅಷ್ಟೇ.

ಚಕ್ಕೆಲವಂಗ:

ಬೇಯಿಸಿದ ದಿನವೇ ಕೊಡಬೇಡಿ, ಒಂದು ದಿನ ಬಿಟ್ಟು ಕೊಡಿ. ಮಸಾಲೆ ಕುಕೀ ಮಾರನೇ ದಿನ ಇನ್ನೂ ರುಚಿ. 22ಕ್ಕೆ ಬೇಯಿಸಿದರೆ 24ಕ್ಕೆ ಸರಿಯಾದ ಹದಕ್ಕೆ ಬಂದಿರುತ್ತದೆ.

ಹೊಸಕೈ:

ಹೌದು, ಬೆಚ್ಚಗಿದ್ದಾಗಲೇ ಮುಚ್ಚಿದ್ದೆ. ಈಗಷ್ಟೇ 150ರಲ್ಲಿ ಐದು ನಿಮಿಷ ಇಟ್ಟು ತೆಗೆದು ತಣ್ಣಗೆ ಮಾಡಿದೆ. ಮುರಿದರೆ ಟಕ್ ಅಂತ ಶಬ್ದ ಬರುತ್ತಿದೆ. ಎರಡು ಪಟ್ಟು ಹಿಟ್ಟು ಕಲಸಿ ಫ್ರಿಜ್‌ನಲ್ಲಿಟ್ಟಿದ್ದೇನೆ, ನಾಳೆ ಬೆಳಿಗ್ಗೆ ಕತ್ತರಿಸಿ ಫ್ರೀಜರ್‌ಗೆ ಹಾಕುತ್ತೇನೆ.