ಓಸ್ಲೋದಿಂದ ಒಂದೇ ದಿನದಲ್ಲಿ ಫ್ಯೋರ್ಡ್ ನೋಡಿ ಬರಬಹುದಾ? ಹೋಗಿ ಬಂದವರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಕೆಲಸದ ಮೇಲೆ ನಾರ್ವೆಯ ಓಸ್ಲೋಗೆ ಬಂದು ಎಂಟು ತಿಂಗಳಾಯಿತು. ಜೂನ್ ಎರಡನೇ ವಾರ ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ಅಪ್ಪನಿಗೆ 69, ಅಮ್ಮನಿಗೆ 64. ಅಮ್ಮನಿಗೆ ಮಂಡಿ ನೋವು, ಜಾಸ್ತಿ ಹತ್ತಿ ಇಳಿಯಲು ಆಗುವುದಿಲ್ಲ. ಅಪ್ಪ ಸಿಗಂದೂರು ಲಾಂಚ್‌ನಲ್ಲಿ ಜೀವನವಿಡೀ ಓಡಾಡಿದವರು. ಫ್ಯೋರ್ಡ್ ಅಂದರೆ ಬೆಟ್ಟಗಳ ನಡುವೆ ಒಳಗೆ ಬಂದ ಸಮುದ್ರದ ಕವಲು, ಅದರ ಫೋಟೋ ಕಳಿಸಿದ್ದಕ್ಕೆ "ಇದು ನಮ್ಮ ಶರಾವತಿ ಹಿನ್ನೀರಿನ ಹಾಗೇ ಇದೆಯಲ್ಲ ಮಾರಾಯ, ಗುಡ್ಡ ಮಾತ್ರ ದೊಡ್ಡದು" ಅಂದರು. ಅವತ್ತಿನಿಂದ ಅದನ್ನೇ ಕೇಳುತ್ತಿದ್ದಾರೆ.

ನನಗೆ ಸಿಗುವುದು ಒಂದು ಶನಿವಾರ, ಭಾನುವಾರ. ಕೇಳಿಕೊಂಡರೆ ಇನ್ನೊಂದು ದಿನ ರಜೆ ಸಿಗಬಹುದು. ಬೆಳಗ್ಗೆ ಹೊರಟು ರಾತ್ರಿ ವಾಪಸ್ ಬರುವ ಹಾಗೆ ಆಗುತ್ತದಾ? ವಯಸ್ಸಾದವರನ್ನು ಕರೆದುಕೊಂಡು ಹೋದವರು ದಯವಿಟ್ಟು ತಿಳಿಸಿ.

ಓಸ್ಲೋದಲ್ಲಿ ಒಂಬತ್ತು ವರ್ಷದಿಂದ ಇರುವವರು

ಆಗುತ್ತದೆ. ಆದರೆ ನಿಮ್ಮ ಅಮ್ಮನ ಮಂಡಿ ನೆನೆಸಿಕೊಂಡು ಹೇಳುತ್ತೇನೆ, ಒಂದು ರಾತ್ರಿ ಉಳಿದು ಬನ್ನಿ.

ಮೊದಲು ಒಂದು ವಿಷಯ. ಓಸ್ಲೋ ಇರುವುದೂ ಫ್ಯೋರ್ಡಿನ ತುದಿಯಲ್ಲೇ. ಸುಮಾರು 100 ಕಿ.ಮೀ. ಉದ್ದದ ಓಸ್ಲೋ ಫ್ಯೋರ್ಡ್ ಅದು. ಆದರೆ ಅದರ ದಡ ತಗ್ಗು, ಗುಡ್ಡಗಳೂ ಚಿಕ್ಕವು. ನಿಮ್ಮ ಅಪ್ಪ ಫೋಟೋದಲ್ಲಿ ನೋಡಿದ್ದು, ಗೋಡೆಯ ಹಾಗೆ ನೆಟ್ಟಗೆ ನಿಂತ ಬೆಟ್ಟಗಳ ನಡುವಿನ ನೀರು, ಪಶ್ಚಿಮದ ಕಡೆ ಇದೆ. ಹಿಮನದಿ ಸಾವಿರಾರು ವರ್ಷ ಕೊರೆದ ಕಣಿವೆಗೆ ಸಮುದ್ರ ಒಳಗೆ ಬಂದು ಆದದ್ದು.

ಓಸ್ಲೋದಿಂದ ಅಲ್ಲಿಗೆ ಎಲ್ಲರೂ ಹಿಡಿಯುವ ದಾರಿ ಹೀಗಿದೆ. ಬೆಳಗ್ಗೆ ಆರೂವರೆ ಸುಮಾರಿಗೆ ಪಶ್ಚಿಮ ಕರಾವಳಿಯ ಬರ್ಗನ್ ನಗರದ ಕಡೆಯ ರೈಲು. ಐದು ಗಂಟೆಗೆ ಸ್ವಲ್ಪ ಕಡಿಮೆ ಸಮಯದಲ್ಲಿ ಮಿರ್ಡಾಲ್. ಅಲ್ಲಿ ರೈಲು ಬದಲಿಸಿ ಒಂದು ಗಂಟೆಯಲ್ಲಿ ಕೆಳಗೆ ಫ್ಲೋಮ್ ಊರಿಗೆ. ಫ್ಲೋಮ್‌ನಿಂದ ಹಡಗಿನಲ್ಲಿ ಎರಡು ಗಂಟೆ, ಔರ್ಲಾಂಡ್ ಫ್ಯೋರ್ಡ್ ದಾಟಿ ನೆರೋಯ್ ಫ್ಯೋರ್ಡಿನ ಒಳಗೆ ಗುಡ್ವಾಂಗನ್‌ವರೆಗೆ. ಗುಡ್ವಾಂಗನ್‌ನಿಂದ ಬಸ್ಸಿನಲ್ಲಿ ವೋಸ್. ವೋಸ್‌ನಿಂದ ಮತ್ತೆ ಐದೂವರೆ ಗಂಟೆ ರೈಲಿನಲ್ಲಿ ಓಸ್ಲೋ. ಮನೆ ಸೇರುವಾಗ ರಾತ್ರಿ ಹತ್ತು ದಾಟಿರುತ್ತದೆ. ಒಟ್ಟು ಹದಿನಾರು ಗಂಟೆ. ಅದರಲ್ಲಿ ನೀರಿನ ಮೇಲೆ ಇರುವುದು ಎರಡೇ ಗಂಟೆ.

ನಾನು ಮೊದಲ ಸಲ ಅತ್ತೆ, ಮಾವನನ್ನು ಹೀಗೇ ಒಂದು ದಿನದಲ್ಲಿ ಕರೆದುಕೊಂಡು ಹೋದೆ. ಫ್ಲೋಮ್‌ನಲ್ಲಿ ರೈಲಿಗೂ ಹಡಗಿಗೂ ನಡುವೆ ತುಂಬಾ ಕಡಿಮೆ ಸಮಯ ಇಟ್ಟು ಟಿಕೆಟ್ ಮಾಡಿದ್ದೆ. ಅತ್ತೆಯವರು ಶೌಚಾಲಯಕ್ಕೆ ಹೋದರು, ಅಲ್ಲಿ ಉದ್ದ ಸಾಲು. ನಾವು ದಡಕ್ಕೆ ಬರುವಷ್ಟರಲ್ಲಿ ಹಡಗು ಹೊರಟಿತ್ತು. ಅತ್ತೆ ದಾರಿಯುದ್ದಕ್ಕೂ "ನನ್ನಿಂದ ಹೀಗಾಯಿತು" ಎಂದು ನೊಂದುಕೊಂಡರು. ತಪ್ಪು ನನ್ನದು, ಅವರದ್ದಲ್ಲ. ಆ ಮುಖ ಇವತ್ತಿಗೂ ಕಣ್ಣ ಮುಂದೆ ಇದೆ. ವಯಸ್ಸಾದವರ ಜೊತೆ ಹೋಗುವಾಗ ಫ್ಲೋಮ್‌ನಲ್ಲಿ ಕನಿಷ್ಠ ಒಂದೂವರೆ ಗಂಟೆ ಬಿಡುವು ಇಡಿ.

ಎರಡು ವರ್ಷದ ನಂತರ ಅವರನ್ನೇ ಮತ್ತೆ ಕರೆದುಕೊಂಡು ಹೋಗಿ ಫ್ಲೋಮ್‌ನಲ್ಲಿ ಒಂದು ರಾತ್ರಿ ಉಳಿದೆವು. ಮಧ್ಯಾಹ್ನ ತಲುಪಿ, ಊಟ ಮಾಡಿ, ಸಂಜೆ ಬಸ್ಸಿನಲ್ಲಿ ಸ್ಟೇಗಸ್ಟೈನ್‌ಗೆ ಹೋದೆವು. ಫ್ಯೋರ್ಡಿನಿಂದ 650 ಮೀಟರ್ ಮೇಲೆ, ಬೆಟ್ಟದಿಂದ 30 ಮೀಟರ್ ಹೊರಗೆ ಚಾಚಿಕೊಂಡಿರುವ ಮರದ ಕಟ್ಟೆ ಅದು. ಬಸ್ಸು ಅಲ್ಲಿಯವರೆಗೂ ಹೋಗುತ್ತದೆ, ನಡೆಯುವುದು ಕೆಲವೇ ಹೆಜ್ಜೆ. ನಿಮ್ಮ ಅಮ್ಮನಿಗೆ ಇದು ತುಂಬಾ ಹಿಡಿಸುತ್ತದೆ. ಸಂಜೆ ಆರರ ನಂತರ ದಿನದ ಪ್ರವಾಸಿಗರೆಲ್ಲ ಹೊರಟು ಹೋಗುತ್ತಾರೆ. ನೀರಿನ ಪಕ್ಕ ಸುಮ್ನೆ ಕೂರಬಹುದು. ಜೂನ್‌ನಲ್ಲಿ ಹತ್ತೂವರೆಯಾದರೂ ಕತ್ತಲಾಗುವುದಿಲ್ಲ.

ಮರುದಿನ ಬೆಳಗಿನ ಹಡಗು ಹಿಡಿದು ಗುಡ್ವಾಂಗನ್, ವೋಸ್, ಆಮೇಲೆ ಬರ್ಗನ್. ವೋಸ್‌ನಿಂದ ಬರ್ಗನ್‌ಗೆ ರೈಲಿನಲ್ಲಿ ಒಂದೂಕಾಲು ಗಂಟೆ ಅಷ್ಟೇ. ಅಲ್ಲಿಂದ ಸಂಜೆಯ ವಿಮಾನದಲ್ಲಿ ಒಂದು ಗಂಟೆಯೊಳಗೆ ಓಸ್ಲೋ. ಬಂದ ದಾರಿಯಲ್ಲೇ ವಾಪಸ್ ಬರುವ ಸುಸ್ತು ತಪ್ಪಿತು.

ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಮಂಗಳೂರು

ಮಗನ ಮನೆಗೆ ಹೋದಾಗ ನಾನೂ ಈ ದಾರಿಯಲ್ಲಿ ಹೋಗಿದ್ದೆ. ನಿಮ್ಮ ತಂದೆಗೆ ರೈಲಿನ ಬಗ್ಗೆಯೂ ಸ್ವಲ್ಪ ಹೇಳಿ, ಇಷ್ಟಪಡುತ್ತಾರೆ.

ನಮ್ಮ ಸಕಲೇಶಪುರ, ಸುಬ್ರಹ್ಮಣ್ಯ ಘಾಟಿಯಲ್ಲಿ 57 ಸುರಂಗ ಇವೆ. ಅಲ್ಲಿನ ಇಳಿಜಾರು 50ಕ್ಕೆ 1. ಅಂದರೆ 50 ಮೀಟರ್ ಹೋದರೆ ಒಂದು ಮೀಟರ್ ಇಳಿಯುತ್ತೇವೆ. ಅಷ್ಟಕ್ಕೇ ಗೂಡ್ಸ್ ಗಾಡಿಗೆ ಹಿಂದೆ ಇನ್ನಷ್ಟು ಎಂಜಿನ್ ಕಟ್ಟಬೇಕು. ಫ್ಲೋಮ್ ರೈಲಿನ ಇಳಿಜಾರು ಬಹುಪಾಲು ದಾರಿಯಲ್ಲಿ 18ಕ್ಕೆ 1! ಹಲ್ಲಿನ ಹಳಿ ಇಲ್ಲ, ಹಗ್ಗ ಇಲ್ಲ, ನಮ್ಮ ಹಾಗೆ ಮಾಮೂಲಿ ಹಳಿ. 20 ಕಿ.ಮೀ.ನಲ್ಲಿ 866 ಮೀಟರ್ ಎತ್ತರದಿಂದ ಸಮುದ್ರದ ಮಟ್ಟಕ್ಕೆ ಇಳಿಯುತ್ತದೆ. 20 ಸುರಂಗಗಳಲ್ಲಿ 18 ಕೈಯಿಂದಲೇ ಕೊರೆದವು. 1940ರಲ್ಲಿ ರೈಲು ಓಡಲು ಶುರುವಾಯಿತು. ಒಂದು ಕಡೆ ರೈಲು ಬೆಟ್ಟದ ಹೊಟ್ಟೆಯೊಳಗೇ ಪೂರ್ತಿ ತಿರುಗಿ, ಬಂದ ದಿಕ್ಕಿಗೆ ಮುಖ ಮಾಡಿ ಹೊರಗೆ ಬರುತ್ತದೆ. ನಾನು ಎದ್ದು ನಿಂತುಬಿಟ್ಟೆ.

ದಾರಿಯಲ್ಲಿ ಶೋಸ್‌ಫೊಸ್ಸೆನ್ ಎಂಬ ಜಲಪಾತದ ಹತ್ತಿರ ಐದು ನಿಮಿಷ ನಿಲ್ಲಿಸುತ್ತಾರೆ. ಎಲ್ಲರೂ ಇಳಿದು ನೋಡಬಹುದು. ಜೂನ್‌ನಲ್ಲಿ ಹಿಮ ಕರಗುವುದರಿಂದ ನೀರು ಜೋರು. ಹಲಗೆ ಒದ್ದೆಯಿರುತ್ತದೆ, ತಾಯಿಯವರ ಕೈ ಹಿಡಿದುಕೊಳ್ಳಿ.

ಅದಕ್ಕೂ ಮೊದಲು ಫಿನ್ಸೆ ನಿಲ್ದಾಣ ಬರುತ್ತದೆ, 1222 ಮೀಟರ್. ಆ ದಾರಿಯ ನಿಲ್ದಾಣಗಳಲ್ಲೇ ಅತಿ ಎತ್ತರದ್ದು ಅದು. ಜೂನ್‌ನಲ್ಲೂ ಸುತ್ತ ಹಿಮ ಇತ್ತು. ಓಸ್ಲೋದಿಂದ ಹೋಗುವಾಗ ಎಡಗಡೆ ಕಿಟಕಿ ಸಿಕ್ಕರೆ ಒಳ್ಳೆಯದು.

ಇಬ್ಬರು ಮಕ್ಕಳ ಜೊತೆ ಹೋಗಿದ್ದ ತಾಯಿ

ಮೇಲಿನವರು ಹೇಳಿದ್ದು ಸರಿ. ಆದರೂ ಒಂದು ದಿನದಲ್ಲಿ ಹೋಗಿ ಬರಲೇಬಾರದು ಅಂತೇನಿಲ್ಲ. ನಾವು ಹೋಗಿ ಬಂದೆವು, ನನಗೆ ಸ್ವಲ್ಪವೂ ಬೇಸರವಾಗಲಿಲ್ಲ. ಫ್ಲೋಮ್‌ನಲ್ಲಿ ಹೋಟೆಲ್ ಬೇಸಿಗೆಯಲ್ಲಿ ಬಹಳ ದುಬಾರಿ, ತಡ ಮಾಡಿದರೆ ಸಿಗುವುದೂ ಇಲ್ಲ. ನಮ್ಮ ಕೈಲಿ ಅಷ್ಟು ದುಡ್ಡಿರಲಿಲ್ಲ. ರೈಲಿನ ಕಿಟಕಿಯಿಂದ ಕಾಣುವುದೂ ಪ್ರವಾಸವೇ ಅಲ್ವಾ? ಕಾಡು, ಕೆರೆ, ಹಿಮದ ಬಯಲು, ಮತ್ತೆ ಹಸಿರು ಕಣಿವೆ. ಮಕ್ಕಳು ವಾಪಸ್ ಬರುವಾಗ ನಿದ್ದೆ ಮಾಡಿದರು, ನಾನು ಕಿಟಕಿಯ ಹತ್ತಿರವೇ ಕೂತಿದ್ದೆ.

ಆದರೆ ಒಂದು ದಿನದಲ್ಲೇ ಹೋಗುವುದಾದರೆ ಡಿಸೆಂಬರ್, ಜನವರಿಯಲ್ಲಿ ಬೇಡ. ಹಗಲು ಆರು ಗಂಟೆಯ ಹತ್ತಿರ ಇರುತ್ತದೆ, ಹೋಗುವಾಗಲೂ ಬರುವಾಗಲೂ ಕತ್ತಲೆ. ಮೇ ಕೊನೆಯಿಂದ ಆಗಸ್ಟ್‌ವರೆಗೆ ಮಾತ್ರ.

ಇನ್ನೊಂದು, ಬೇಸಿಗೆಯಲ್ಲಿ ಹಳಿ ರಿಪೇರಿ ಮಾಡುತ್ತಾರೆ. ಆ ದಿನಗಳಲ್ಲಿ ಕೆಲವು ಕಡೆ ರೈಲಿನ ಬದಲು ಬಸ್ಸು ಬಿಡುತ್ತಾರೆ. ಟಿಕೆಟ್ ಮಾಡುವ ಮೊದಲು ದಿನಾಂಕ ನೋಡಿಕೊಳ್ಳಿ. ರೈಲಿನ ಟಿಕೆಟ್ ಬೇಗ ಮಾಡಿದಷ್ಟೂ ಅಗ್ಗ. ನಿಮ್ಮ ತಂದೆಗೆ 67 ದಾಟಿದೆಯಲ್ಲ, ಹಿರಿಯರ ಟಿಕೆಟ್ ತಗೊಳ್ಳಿ. ವಯಸ್ಸಿಗೆ ಪಾಸ್‌ಪೋರ್ಟ್ ಜೊತೆಗಿರಲಿ.

ಓಸ್ಲೋ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವವರು

ಓಸ್ಲೋ ಫ್ಯೋರ್ಡನ್ನು ಬಿಡಬೇಡಿ ಅಣ್ಣ. ನಿಜ, ಅದು ಆ ಫೋಟೋದ ಹಾಗಿಲ್ಲ. ಆದರೆ ಊರಿಂದ ಬಂದ ಮಾರನೇ ದಿನ, ನಿದ್ದೆಯ ಲೆಕ್ಕ ಇನ್ನೂ ಸರಿಯಾಗದೆ ಇರುವಾಗ, ಅದಕ್ಕಿಂತ ಒಳ್ಳೆಯದು ಇಲ್ಲ. ನಗರದ ದಡದಲ್ಲಿರುವ ಆಕರ್ ಬ್ರಿಗ್ಗೆ ಎಂಬ ಜಾಗದ ಹತ್ತಿರದಿಂದ ದ್ವೀಪಗಳಿಗೆ ಬೋಟ್ ಹೋಗುತ್ತದೆ. ಬಸ್ಸು, ಟ್ರಾಮಿನ ಟಿಕೆಟ್ಟೇ ಅದಕ್ಕೂ ನಡೆಯುತ್ತದೆ, ಬೇರೆ ದುಡ್ಡಿಲ್ಲ. ಹೋವೆದೋಯಾ ದ್ವೀಪ ಹತ್ತು ನಿಮಿಷವೂ ಇಲ್ಲ. 1147ರಲ್ಲಿ ಕಟ್ಟಿದ ಮಠದ ಪಾಳು ಗೋಡೆಗಳಿವೆ, ಸುತ್ತ ಹುಲ್ಲು. ಬುತ್ತಿ ಬಿಚ್ಚಿ ಕೂರಲು ಅದೇ ಜಾಗ.

ಅರ್ಧ ದಿನ ಇದ್ದರೆ ಡ್ರೋಬಾಕ್ ಊರಿಗೆ ಹೋಗಿ. ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಫ್ಯೋರ್ಡ್ ಅಲ್ಲಿ ಕಿರಿದಾಗುತ್ತದೆ. ಎದುರಿನ ದ್ವೀಪದಲ್ಲಿ ಓಸ್ಕರ್ಸ್‌ಬೋರ್ಗ್ ಕೋಟೆ ಇದೆ. 1940ರ ಏಪ್ರಿಲ್ 9ರ ಬೆಳಗಿನ ಜಾವ ಜರ್ಮನಿಯ ಯುದ್ಧನೌಕೆ ಬ್ಲೂಷರ್ ಓಸ್ಲೋ ಹಿಡಿಯಲು ಇದೇ ದಾರಿಯಲ್ಲಿ ಬಂತು. ಕೋಟೆಯಲ್ಲಿದ್ದದ್ದು 1890ರ ದಶಕದ ಹಳೆಯ ಫಿರಂಗಿಗಳು. ಅವುಗಳಿಗೆ ಮೋಸೆಸ್, ಆರನ್ ಎಂದು ಹೆಸರಿಟ್ಟಿದ್ದರು. ಆ ಫಿರಂಗಿಗಳೂ ಟಾರ್ಪೆಡೋಗಳೂ ಸೇರಿ ನೌಕೆಯನ್ನು ಮುಳುಗಿಸಿದವು. ಆ ಕೆಲವು ಗಂಟೆಗಳ ಬಿಡುವಿನಲ್ಲಿ ರಾಜ ಏಳನೇ ಹೋಕನ್ ಮತ್ತು ಸರ್ಕಾರ ಓಸ್ಲೋದಿಂದ ತಪ್ಪಿಸಿಕೊಂಡರು. ನೌಕೆ ಇವತ್ತಿಗೂ ಅಲ್ಲೇ ನೀರಿನ ತಳದಲ್ಲಿದೆ. ನಾನು ಆ ದಡದಲ್ಲಿ ಒಂದು ಗಂಟೆ ನಿಂತಿದ್ದೆ.

ಕೇಳಿದವರು ಮತ್ತೆ

ಎಲ್ಲರಿಗೂ ತುಂಬಾ ಧನ್ಯವಾದ. ಸೋಮವಾರ ರಜೆ ಸಿಕ್ಕಿತು. ಶನಿವಾರ ದ್ವೀಪಕ್ಕೆ, ಭಾನುವಾರ ಹೊರಟು ಫ್ಲೋಮ್‌ನಲ್ಲಿ ಉಳಿದು, ಸೋಮವಾರ ಬರ್ಗನ್‌ನಿಂದ ವಿಮಾನ ಅಂದುಕೊಂಡಿದ್ದೇನೆ. ಎರಡು ಸಂದೇಹ. ಅಮ್ಮ ಮೊಟ್ಟೆಯೂ ತಿನ್ನುವುದಿಲ್ಲ, ಊಟಕ್ಕೆ ಏನು ಮಾಡಿದಿರಿ? ಹಡಗಿನಲ್ಲಿ ಹೊಟ್ಟೆ ತೊಳೆಸುತ್ತದಾ?

ಓಸ್ಲೋದಲ್ಲಿ ಒಂಬತ್ತು ವರ್ಷದಿಂದ ಇರುವವರು

ಹೊಟ್ಟೆ ತೊಳೆಸುವ ಭಯ ಬೇಡ. ಫ್ಯೋರ್ಡಿನ ಒಳಗೆ ಸಮುದ್ರದ ಅಲೆ ಬರುವುದಿಲ್ಲ. ಗಾಳಿ ಮಾತ್ರ ಚಳಿ. ಜೂನ್ ಅಂತ ನಂಬಿ ಬರೀ ಸ್ವೆಟರ್ ಹಾಕಿಸಬೇಡಿ. ಗಾಳಿ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೋಪಿ ಬೇಕೇ ಬೇಕು. ಹೊಸ ಹಡಗುಗಳಲ್ಲಿ ಮೇಲಿನ ಅಟ್ಟಕ್ಕೆ ಹೊರಗಿನಿಂದ ಇಳಿಜಾರು ದಾರಿ ಸುತ್ತಿಕೊಂಡು ಹೋಗುತ್ತದೆ. ಅಮ್ಮನವರು ಮೆಟ್ಟಿಲು ಹತ್ತದೆ ಮೇಲೆ ಹೋಗಬಹುದು.

ಊಟ ಮನೆಯಿಂದಲೇ. ಭಾನುವಾರ ಇಲ್ಲಿ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ, ಮರೆಯಬೇಡಿ. ಶನಿವಾರವೇ ಮೊಸರು, ಹಣ್ಣು ತಂದಿಡಿ. ನಾವು ಮೊದಲ ದಿನಕ್ಕೆ ಪುಳಿಯೋಗರೆ, ಎರಡನೇ ದಿನಕ್ಕೆ ಚಪಾತಿ, ಚಟ್ನಿಪುಡಿ ಒಯ್ದಿದ್ದೆವು. ಥರ್ಮಾಸಿನಲ್ಲಿ ಕಾಫಿ. ಕುಡಿಯುವ ನೀರು ಕೊಳ್ಳಬೇಡಿ, ನಲ್ಲಿ ನೀರೇ ಚೆನ್ನಾಗಿದೆ.

ಕೇಳಿದವರು, ಹೋಗಿ ಬಂದ ಮೇಲೆ

ನಿನ್ನೆ ರಾತ್ರಿ ಮನೆ ಸೇರಿದೆವು. ಮುಂದೆ ಯಾರಾದರೂ ಕೇಳಿದರೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಫ್ಲೋಮ್‌ನಲ್ಲಿ ಉಳಿದದ್ದು ಒಳ್ಳೆಯದಾಯಿತು. ಭಾನುವಾರ ಮಧ್ಯಾಹ್ನ ಇಡೀ ಬೆಟ್ಟದ ಮೇಲೆ ಮೋಡ, ಏನೂ ಕಾಣಲಿಲ್ಲ. ಅವತ್ತೇ ಹಡಗು ಹತ್ತಿದ್ದರೆ ಬರೀ ಬೂದಿ ಬಣ್ಣ ನೋಡಿ ಬರಬೇಕಿತ್ತು. ಸ್ಟೇಗಸ್ಟೈನ್ ಬಸ್ಸನ್ನು ರಾತ್ರಿಗೆ ಮುಂದೂಡಿಕೊಂಡೆವು. ಎಂಟರ ಹೊತ್ತಿಗೆ ಮೋಡ ಸರಿಯಿತು. ಅಮ್ಮ ಕಟ್ಟೆಯ ತುದಿಯ ಗಾಜಿನವರೆಗೆ ನಡೆದುಕೊಂಡೇ ಹೋದರು.

ಸೋಮವಾರ ಬೆಳಗ್ಗೆ ಹಡಗಿನಲ್ಲಿ ಅಪ್ಪ ಮುಂದಿನ ಸಾಲಿನಲ್ಲಿ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ "ಇನ್ನೂ ಯಾಕೆ ಹೊರಟಿಲ್ಲ?" ಎಂದು ಕೇಳಿದರು. ತಿರುಗಿ ನೋಡಿದರೆ ಊರು ಹಿಂದೆ ಉಳಿದಿತ್ತು. ಅದು ಬ್ಯಾಟರಿಯಲ್ಲಿ ಓಡುವ ಹಡಗು, ಎಂಜಿನ್ ಸದ್ದೇ ಇಲ್ಲ. ಲಾಂಚ್‌ನ ಡೀಸೆಲ್ ಸದ್ದು ಕೇಳಿಯೇ ಹೊರಟಿತು ಎಂದು ತಿಳಿಯುತ್ತಿದ್ದ ಮನುಷ್ಯ ಅವರು. ಆಮೇಲೆ ಅವರು ಮಾತೇ ಆಡಲಿಲ್ಲ. ನೆರೋಯ್ ಫ್ಯೋರ್ಡ್ ಒಂದು ಕಡೆ 250 ಮೀಟರ್ ಅಗಲ ಅಷ್ಟೇ. ಎರಡೂ ಕಡೆ ಬೆಟ್ಟ, ತುದಿಯಿಂದ ತುದಿಗೆ ಜಲಪಾತ. ಕತ್ತು ಎತ್ತಿಕೊಂಡೇ ಕೂತಿದ್ದರು. ಯುನೆಸ್ಕೋ 2005ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ ಎಂದು ನಾನು ಓದಿ ಹೇಳಿದ್ದನ್ನು ಅವರು ಕೇಳಿಸಿಕೊಂಡರೋ ಇಲ್ಲವೋ.

ಗುಡ್ವಾಂಗನ್‌ನಲ್ಲಿ ಇಳಿದ ಮೇಲೆ ದಡಕ್ಕೆ ಹೋಗಿ ಬೊಗಸೆಯಲ್ಲಿ ನೀರು ತೆಗೆದು ನಾಲಿಗೆಗೆ ಇಟ್ಟುಕೊಂಡರು. "ಸಮುದ್ರ ಅಂತೀಯ, ಉಪ್ಪೇ ಇಲ್ಲವಲ್ಲ" ಅಂದರು. ಹಡಗಿನ ಹುಡುಗಿಯೊಬ್ಬಳನ್ನು ಕೇಳಿದೆ. ಬೇಸಿಗೆಯಲ್ಲಿ ಹಿಮ ಕರಗಿದ ಸಿಹಿನೀರು ಹಗುರ, ಅದು ಮೇಲೇ ನಿಲ್ಲುತ್ತದೆ, ಉಪ್ಪು ನೀರು ಕೆಳಗೆ ಇರುತ್ತದೆ ಎಂದಳು. ಅಪ್ಪನಿಗೆ ಬೆಟ್ಟಕ್ಕಿಂತ ಇದೇ ದೊಡ್ಡ ವಿಷಯವಾಗಿಬಿಟ್ಟಿದೆ. ಇವತ್ತು ಬೆಳಗ್ಗೆ ತುಮರಿಯ ಸ್ನೇಹಿತರಿಗೆ ಫೋನಿನಲ್ಲಿ ಅದನ್ನೇ ಹೇಳುತ್ತಿದ್ದರು.

ಒಂದು ಕೊರತೆ. ಟೋಪಿ, ಜಾಕೆಟ್ ಎಲ್ಲ ತಗೊಂಡಿದ್ದೆ, ಕೈಗವಸು ಮರೆತಿದ್ದೆ. ಅಮ್ಮ ಎರಡು ಗಂಟೆಯೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡೇ ಹೊರಗೆ ನಿಂತಿದ್ದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ನೀವು ಹೋಗುವಾಗ ಕೈಗವಸು ಒಯ್ಯಿರಿ.